ಕರುಗಳ ಕೊಂಬು ಸುಡುವಿಕೆ

ಕರುಗಳ ಕೊಂಬು ಸುಡುವಿಕೆ ಎಂದರೆ ಎಳೆಗರುವಿನ ಕೊಂಬಿನ ಮೊಗ್ಗನ್ನು ನಾಶಪಡಿಸಿ ಕೊಂಬು ಬೆಳೆಯದಂತೆ ಮಾಡುವ ಕ್ರಮ. ಕೊಟ್ಟಿಗೆಯಲ್ಲಿ ಸಾಕುವ ಮಿಶ್ರತಳಿ ಹಸುಗಳು ಪರಸ್ಪರ ತಿವಿದು ಗಾಯಗೊಳ್ಳುವುದನ್ನು ಮತ್ತು ಸಾಕುವವರಿಗಾಗುವ ಅಪಾಯವನ್ನು ತಪ್ಪಿಸುವುದು ಇದರ ಉದ್ದೇಶ.

ಉಪಕರಣಗಳ ಆಯ್ಕೆ

ಕರುವಿನ ವಯಸ್ಸಿಗೆ ತಕ್ಕಂತೆ ಉಪಕರಣವನ್ನು ಆರಿಸಲಾಗುತ್ತದೆ. ಸುಮಾರು 2 ತಿಂಗಳವರೆಗೆ ಮೊಗ್ಗು ಚರ್ಮದಲ್ಲಷ್ಟೇ ಇದ್ದು, ಅನಂತರ ತಲೆಬುರುಡೆಗೆ ಕೂಡಿಕೊಳ್ಳುತ್ತದೆ.

• ಕ್ಷಾರ ಲೇಪ: ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಬಳಸುವಂಥದ್ದು. ಮೊಗ್ಗಿನ ಸುತ್ತ ವ್ಯಾಸಲೀನ್ ಹಚ್ಚಬೇಕು. ಮಳೆಯಲ್ಲಿ ನೆನೆದರೆ ಲೇಪವು ಕಣ್ಣಿಗಿಳಿಯಬಹುದು. ಹಾಲು ಕುಡಿಯುವಾಗ ತಾಯಿಯ ಕೆಚ್ಚಲನ್ನೂ ಸುಡಬಹುದು.
• ಕಾದ ಕಬ್ಬಿಣ: ವಿದ್ಯುತ್ ಅಥವಾ ಗ್ಯಾಸ್‌ನಿಂದ ಕಾಯುವ ಸಲಾಕೆ. ಇದರ ತುದಿಯ ಕುಳಿಯೊಳಗೆ ಮೊಗ್ಗು ಪೂರ್ತಿ ಕೂರಬೇಕು. ಮೊಗ್ಗಿನ ಸುತ್ತ ತಾಮ್ರವರ್ಣದ ಉಂಗುರ ಮೂಡಿದೊಡನೆ ತೆಗೆಯಬೇಕು. ಹೆಚ್ಚು ಹೊತ್ತು ಒತ್ತಿದರೆ ಮೂಳೆಗೆ ಹಾನಿಯಾಗುತ್ತದೆ.
• ತಂತಿ ಗರಗಸ: ಬೆಳೆದ ಕೊಂಬಿಗೆ ಬಳಸುವಂಥದ್ದು. ಇದು ಪಶುವೈದ್ಯರೇ ಮಾಡಬೇಕಾದ ಶಸ್ತ್ರಚಿಕಿತ್ಸೆ.

ನೋವು ನಿವಾರಣೆ

ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಹಾಯುವ ನರದ ಬಳಿ ಪಶುವೈದ್ಯರು ಲಿಗ್ನೋಕೇನ್ ಚುಚ್ಚುಮದ್ದು ನೀಡುತ್ತಾರೆ. ಭಾಗವು ಮರಗಟ್ಟಿದ ಮೇಲೆಯೇ ಸುಡಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ನಿಯಮಾನುಸಾರ ಕೊಂಬು ತೆಗೆಯಲು ಮಾತ್ರ ವಿನಾಯಿತಿ ನೀಡಿದೆ.

ದೇಶಿ ತಳಿಗಳು

ಎಲ್ಲ ತಳಿಗಳಿಗೂ ಈ ಕ್ರಮ ಅಗತ್ಯವಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸಂವರ್ಧನಾ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ತಳಿಗೆ ಹಿಂದಕ್ಕೆ ಬಾಗಿ ಮೇಲೇರುವ ನೀಳ, ಚೂಪು ಕೊಂಬುಗಳೇ ಗುರುತು. ಹುಲ್ಲುಗಾವಲಾದ ಕಾವಲುಗಳಲ್ಲಿ ಮೇಯುವ ಈ ರಾಸುಗಳ ಕೊಂಬನ್ನು ಸುಟ್ಟರೆ ತಳಿಲಕ್ಷಣವೇ ಮರೆಯಾಗುತ್ತದೆ.