ಕಿವಿಯಿಂದ ಬಂದ ಅಕ್ಷರ

ಓದು ಎಂದರೆ ಪುಸ್ತಕ ಬಿಚ್ಚಿದ ಮೇಲೆ ಶುರುವಾಗುವ ಕೆಲಸ ಎಂದು ನಮ್ಮಲ್ಲಿ ಬಹಳ ತಾಯಂದಿರು ತಿಳಿದಿದ್ದಾರೆ. ನಮ್ಮ ತುಮಕೂರು ಸೀಮೆಯ ಹಳೆಯ ಕಥೆ ಬೇರೆ. ಇಲ್ಲಿ ಅಕ್ಷರ ಕಣ್ಣಿಗೆ ಬೀಳುವ ಮೊದಲೇ ಮಾತು ಕಿವಿಗೆ ಬಿದ್ದು ಮನಸ್ಸಿನಲ್ಲಿ ಮನೆ ಮಾಡಿರುತ್ತಿತ್ತು.

ಕೂಲಿಮಠಗಳನ್ನೇ ನೋಡಿ. ಮಕ್ಕಳ ಮನೆಯವರು ಕೊಡುವ ದವಸವೋ ಕಾಸೋ ಅಯ್ಯನವರಿಗೆ ಕೂಲಿ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತ ಅದನ್ನೇ ಗಟ್ಟಿಯಾಗಿ ಹೇಳಬೇಕು. ಮಗ್ಗಿ, ಪದ್ಯ ಎಲ್ಲವೂ ಒಕ್ಕೊರಲಿನಲ್ಲಿ. ಹಿಂದೆ ಬಿದ್ದ ಮಗುವನ್ನು ಉಳಿದವರ ದನಿಯೇ ಎಳೆದುಕೊಂಡು ಹೋಗುತ್ತಿತ್ತು. ಬೆತ್ತವೂ ಇತ್ತು, ಹೆಣ್ಣುಮಕ್ಕಳು ಅಲ್ಲಿ ಅಪರೂಪ ಎನ್ನುವುದನ್ನೂ ಮರೆಯಬಾರದು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಇನ್ನೊಂದು ಬಗೆಯ ಶಾಲೆ. ವೀರಣ್ಣನವರೇ ಎಳೆಯ ವಯಸ್ಸಿನಲ್ಲಿ ಅದನ್ನು ಸೇರಿದವರು. ಮುಂದೆ ಅವರು ಯಜಮಾನರಾಗಿದ್ದಾಗ ದಕ್ಷಿಣ ಕನ್ನಡದ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ. ಅವನೇ ಬಿ.ವಿ. ಕಾರಂತ. ರಂಗದ ಮೇಲೆ ಪಳಗಿದ ಆ ಹುಡುಗನನ್ನು ವೀರಣ್ಣನವರು ಎಂ.ಎ. ಓದಲು ಕಾಶಿಗೆ ಕಳಿಸಿದರು. 1977ರಲ್ಲಿ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ನಾಟಕದ ಬಾಯಿಪಾಠ ಓದಿಗೆ ಅಡ್ಡ ಬರಲಿಲ್ಲ.

ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಎಲ್ಲ ಜಾತಿಗಳ ಸಾವಿರಾರು ಬಡಮಕ್ಕಳಿಗೆ ಅಲ್ಲಿ ಅನ್ನ, ಅಕ್ಷರ, ಆಶ್ರಯ ದೊರೆತವು. ಇದನ್ನು ಅಲ್ಲಿ ದಾನ ಎನ್ನುವುದಿಲ್ಲ, ದಾಸೋಹ ಎನ್ನುತ್ತಾರೆ. ದಾಸೋಹದಲ್ಲಿ ಕೊಡುವವನಿಗೆ ತಾನು ಕೊಟ್ಟೆನೆಂಬ ಹಮ್ಮು ಇರಬಾರದು, ಉಣ್ಣುವವನು ತಲೆ ತಗ್ಗಿಸಬೇಕಾಗಿಲ್ಲ. 2002ರಲ್ಲಿ ಸರ್ಕಾರಿ ಶಾಲೆಗಳ ಬಿಸಿಯೂಟ ಆರಂಭವಾದಾಗ ‘ಅಕ್ಷರ ದಾಸೋಹ’ ಎಂಬ ಹೆಸರನ್ನೇ ಪಡೆಯಿತು.

ಇನ್ನು ಕುಣಿಗಲ್ಲಿನ ನನ್ನ ಅಜ್ಜಿ. 1951ರ ಜನಗಣತಿಯಲ್ಲಿ ದೇಶದ ನೂರು ಹೆಂಗಸರಲ್ಲಿ ಓದುಬರಹ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. ಅಜ್ಜಿ ಉಳಿದ ತೊಂಬತ್ತೊಂದರ ಗುಂಪಿನವಳು. ಆದರೆ ಅವಳ ಬಾಯಲ್ಲಿ ಒಗಟು, ಗಾದೆ, ಹಾಡುಗಳಿಗೆ ಬರವಿರಲಿಲ್ಲ. ಕುಣಿಗಲ್ ಕೆರೆಯ ಹಾಡನ್ನು ನಾನು ಕಲಿತದ್ದು ಅವಳಿಂದ. ಮುಂದೆ ಅದನ್ನು ಅಚ್ಚಿನಲ್ಲಿ ಕಂಡಾಗ ಒಂದಕ್ಷರವನ್ನೂ ಕೂಡಿಸಿಕೊಳ್ಳದೆ ಓದಿಬಿಟ್ಟೆ. ಓದು ಕಲಿಯದವಳು ನನಗೆ ಓದಿನ ರುಚಿ ಹತ್ತಿಸಿದ್ದಳು.

2011ರ ಹೊತ್ತಿಗೆ ಕರ್ನಾಟಕದ ನೂರು ಹೆಂಗಸರಲ್ಲಿ ಅರವತ್ತೆಂಟು ಮಂದಿಗೆ ಅಕ್ಷರ ಬಂತು. ಅಜ್ಜಿಯರಿಗೆ ಸಿಗದ್ದು ನಮಗೆ ಸಿಕ್ಕಿದೆ, ಸರಿ. ಅವರಲ್ಲಿದ್ದದ್ದನ್ನು ನಾವು ಕಳೆದುಕೊಂಡರೆ ಲಾಭವೇನು? ಟ್ಯೂಷನ್ನಿನ ಮಾತು ಆಮೇಲಿರಲಿ. ಮೊದಲು ಮಗುವಿಗೊಂದು ಒಗಟು ಹೇಳಿ. ಅದು ತಿರುಗಿ ಹೇಳಿದಾಗ ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿ. ತನ್ನ ಬಾಯಿಂದ ಬಂದ ಮಾತು ಎದುರಿಗೆ ಕೂತಿದೆಯೆಂದು ತಿಳಿದ ಮಗು ಅದನ್ನು ಬೆರಳಿಟ್ಟು ಓದುತ್ತದೆ.