ದಾದಿಯರು ಬರೆದಿಟ್ಟ ಲೆಕ್ಕ

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೂಕ್ಷ್ಮ ನಾಳಗಳಿವೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಮರಳಿ ರಕ್ತಕ್ಕೇ ಸೇರಿಸುತ್ತವೆ. ನಮ್ಮಂಥ ಗೃಹಿಣಿಯರನ್ನೂ ಮೀರಿಸುವ ಜಿಪುಣತನ!

ಈ ಬಿಗಿಮುಷ್ಟಿ ಸಡಿಲಿಸುವ ಒಂದು ದಾರಿ 1919ರಲ್ಲಿ ವಿಯೆನ್ನಾದಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯ ವಿದ್ಯಾರ್ಥಿ ಸಿಫಿಲಿಸ್ ಇದ್ದ ಯುವತಿಗೆ ಪಾದರಸದ ಚುಚ್ಚುಮದ್ದು ಕೊಟ್ಟ. ದಾದಿಯರು ದಿನವೂ ಬರೆದಿಟ್ಟ ಮೂತ್ರದ ಅಳತೆ ನೋಡಿದರೆ, ಮದ್ದು ಕೊಟ್ಟಾಗಲೆಲ್ಲ ಅಂಕಿ ಜಿಗಿದಿತ್ತು. ಇತಿಹಾಸದಲ್ಲಿ ದೊಡ್ಡದಾಗಿ ಉಳಿದದ್ದು ಆ ವಿದ್ಯಾರ್ಥಿಯ ಹೆಸರು.

ಪಾದರಸವೋ ವಿಷ. 1950ರ ದಶಕದ ಕೊನೆಗೆ ಥಯಜೈಡ್, 1960ರ ದಶಕದಲ್ಲಿ ಫ್ಯುರೋಸೆಮೈಡ್ ಮಾತ್ರೆಗಳು ಬಂದವು. ಫ್ಯುರೋಸೆಮೈಡ್ ನಾಳದ ನಡುವಿನ ಹೆನ್ಲೆ ಕುಣಿಕೆಯಲ್ಲಿ, ಥಯಜೈಡ್ ಅದರಾಚೆಯ ತಿರುವಿನಲ್ಲಿ ಉಪ್ಪು ಹಿಂದಿರುಗದಂತೆ ತಡೆಯುತ್ತವೆ. ಉಪ್ಪು ಹೋದತ್ತ ನೀರೂ ಹೋಗುತ್ತದೆ. ಜೊತೆಗೆ ಪೊಟ್ಯಾಸಿಯಂ ಕೂಡ. ಅದಕ್ಕೇ ಡಾಕ್ಟರು ಆಗಾಗ ರಕ್ತಪರೀಕ್ಷೆ ಮಾಡಿಸುವುದು.

ನಮ್ಮತ್ತೆಗೆ ಹೃದಯ ಸೋತು ಕಾಲು ಊದುತ್ತಿತ್ತು. ಮದುವೆಮನೆಯಲ್ಲಿ ಪದೇ ಪದೇ ಏಳಬೇಕಾಗುತ್ತದೆಂಬ ಸಂಕೋಚಕ್ಕೆ ಮಾತ್ರೆ ನುಂಗದೆ ಹೊರಡುತ್ತಿದ್ದರು. ನಾನು ಕ್ಯಾಲೆಂಡರಿನಲ್ಲಿ ದಿನವೂ ಅವರ ತೂಕ ಬರೆಯತೊಡಗಿದೆ. ಒಮ್ಮೆ ಮೂರೇ ದಿನಕ್ಕೆ 2 ಕಿಲೋ ಏರಿದ್ದು ಕಂಡು ಡಾಕ್ಟರಲ್ಲಿಗೆ ಓಡಿದೆವು. ಉಸಿರು ಕಟ್ಟುವ ಮೊದಲೇ ತಲುಪಿದ್ದೆವು. ಹಾಲಿನ ಲೆಕ್ಕದ ಪಕ್ಕದಲ್ಲೇ ಇಂಥ ಲೆಕ್ಕಕ್ಕೂ ಜಾಗವಿರಲಿ.