ಗಗನಚುಕ್ಕಿ ನೀರು, ನಮ್ಮನೆ ದೀಪ

ಶಿವನಸಮುದ್ರಕ್ಕೆ ಹೋಗ್ಬೇಕು ಅನ್ನೋದು ನಮ್ಮ ಯಲಹಂಕದ ಹೆಂಗಸರ ಗುಂಪಿನಲ್ಲಿ ಎಷ್ಟು ವರ್ಷದ ಮಾತೋ. ಒಂದು ವರ್ಷ ಮಕ್ಕಳ ಪರೀಕ್ಷೆ, ಇನ್ನೊಂದು ವರ್ಷ ಯಾರದೋ ಮಗಳ ಬಾಣಂತನ, ಆಮೇಲೆ ಕೊರೋನಾ. ಈ ಸಲ ಆಷಾಢದಲ್ಲಿ ಕಬಿನಿ, ಕೆ.ಆರ್.ಎಸ್. ಎರಡೂ ತುಂಬಿ ಹೊಳೆಗೆ ನೀರು ಬಿಟ್ಟಿದಾರೆ ಅಂತ ಟೀವೀಲಿ ಬಂದಿದ್ದೇ ತಡ, ಹನ್ನೊಂದು ಜನ ಬೆಳಗಿನ ಜಾವಕ್ಕೇ ಟೆಂಪೋ ಟ್ರಾವೆಲರ್ ಹತ್ತಿಬಿಟ್ವಿ. ಪುಳಿಯೋಗರೆ, ಮೊಸರನ್ನ, ಎರಡು ಡಬ್ಬಿ ಚಕ್ಕುಲಿ. ಹೆಬ್ಬಾಳ ದಾಟೋ ಹೊತ್ತಿಗೆ ಒಂದು ಡಬ್ಬಿ ಖಾಲಿ.

ಕನಕಪುರ, ಹಲಗೂರು, ಮಳವಳ್ಳಿ ದಾಟಿ ಹೋದ್ರೆ ಸಿಗುತ್ತೆ. ಅಲ್ಲಿ ಕಾವೇರಿ ಎರಡು ಕವಲಾಗಿ ನಡುವೆ ಒಂದು ದ್ವೀಪ ಬಿಡ್ತಾಳೆ. ಒಂದು ಕವಲು ಬೀಳೋದು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ದ್ವೀಪದಲ್ಲಿ ರಂಗನಾಥಸ್ವಾಮಿ ಇದಾನೆ. ಶ್ರೀರಂಗಪಟ್ಟಣದವನು ಆದಿರಂಗ, ಇಲ್ಲಿಯವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ಮೊದಲು ದೇವರಿಗೆ ಕೈ ಮುಗಿದು ಆಮೇಲೆ ನೀರು ನೋಡಿದ್ವಿ.

ಏನಂತ ಹೇಳಲಿ. ಗಗನಚುಕ್ಕಿ ಸುಮಾರು 98 ಮೀಟರ್ ಎತ್ತರದಿಂದ ಬಂಡೆ ಬಂಡೆಗೆ ಬಡಕೊಂಡು ಇಳಿಯುತ್ತೆ. ಪಕ್ಕದಲ್ಲಿ ನಿಂತವರ ಮಾತು ಕೇಳಿಸಲ್ಲ, ಬರೀ ಬಾಯಾಡೋದು ಕಾಣುತ್ತೆ. ಎದುರು ದಿಬ್ಬದ ಮೇಲೆ ನಿಂತಿದ್ರೂ ಸೆರಗೆಲ್ಲ ತುಂತುರು. ನಮ್ಮ ಎದುರು ಮನೆ ಅಕ್ಕ ನನ್ನ ಕಿವಿ ಹತ್ರ ಬಂದು ಕೂಗಿದ್ರು, ‘ಇದರಲ್ಲಿ ಒಂದು ಬಿಂದಿಗೆ ನಮ್ಮನೆ ಸಂಪಿಗೆ ಬಿದ್ದಿದ್ರೆ ಸಾಕಾಗಿತ್ತು ಕಣೇ!’

ಎಲ್ಲರೂ ನಕ್ವಿ. ಆದ್ರೆ ಅವರ ಸಂಪಿನಲ್ಲಿರೋದೇ ಈ ನೀರು. ಅವರ ಮನೆ ಅಂದ್ರೆ ಒಂದು ಕಾಲದ ಬೆಂಗಳೂರಿನ ದೀಪ ಉರಿದಿದ್ದೂ ಈ ನೀರಿನಿಂದಲೇ. ಅದನ್ನ ವಾಪಸ್ ಬರ್ತಾ ಗಾಡೀಲಿ ಹೇಳಿದೆ. ಬರೆದು ಹಾಕು ಅಂದ್ರು, ಹಾಕ್ತಿದೀನಿ.

ಮೊದಲು ದೀಪದ ಕಥೆ. ಮೈಸೂರಿನ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದವರು ಗಂಟಲಮಾರಿ ಬಂದು ಅಲ್ಲೇ ತೀರಿಕೊಂಡ್ರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಆಗ ಇಪ್ಪತ್ತೆಂಟು ವರ್ಷ. ದೊಡ್ಡ ಮಗ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಆದವರು, ಹತ್ತು ವರ್ಷದ ಹುಡುಗ. ಮಗ ದೊಡ್ಡವನಾಗೋ ತನಕ, 1902ರ ಆಗಸ್ಟ್‌ವರೆಗೆ, ರಾಜ್ಯದ ಹೊಣೆ ಆ ತಾಯಿ ಮೇಲೆ ಬಿತ್ತು. ವಾಣಿ ವಿಲಾಸ ಸನ್ನಿಧಾನ ಅಂತ ಕರೀತಿದ್ದಿದ್ದು ಅವರನ್ನೇ. ನಮ್ಮ ಕಡೆ ಎಷ್ಟು ಜನ ಹೆರಿಗೆಗೆ ವಾಣಿ ವಿಲಾಸ ಆಸ್ಪತ್ರೆಗೆ ಹೋಗಿಲ್ಲ! ಆ ಹೆಸರು ಇವರದ್ದು.

ಅವರ ಆಳ್ವಿಕೆ ಸುಖದ ಕಾಲವೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಕಷ್ಟದ ನಡುವೆಯೇ ದಿವಾನ್ ಶೇಷಾದ್ರಿ ಅಯ್ಯರ್ ಅವರು ಕಾವೇರಿಯಿಂದ ಕರೆಂಟು ತೆಗೆಯೋ ಯೋಜನೆ ಹಿಡಿದು ಕೂತ್ರು. ಬೇಕಾಗಿದ್ದಿದ್ದು ಕೋಲಾರದ ಚಿನ್ನದ ಗಣಿಗೆ. ಅಲ್ಲಿ ಸೌದೆ, ಕಲ್ಲಿದ್ದಲು ಸುಟ್ಟು ಉಗಿ ಯಂತ್ರ ಓಡಿಸ್ತಿದ್ರು, ಖರ್ಚು ತಡೀತಿರಲಿಲ್ಲ. ಶಿವನಸಮುದ್ರದಿಂದ ಕೋಲಾರ ಸುಮಾರು 147 ಕಿಲೋಮೀಟರ್. ಅಷ್ಟು ದೂರ ತಂತಿ ಎಳೆದು ಕರೆಂಟು ಕಳಿಸೋದು ಆ ಕಾಲಕ್ಕೆ ದೊಡ್ಡ ಸಾಹಸ. ಜೋಲಿ ಡಿ ಲಾಟ್ಬಿನಿಯೇರ್ ಅನ್ನೋ ಇಂಜಿನಿಯರು ಯೂರೋಪು, ಅಮೆರಿಕ ಸುತ್ತಿ ನೋಡಿಕೊಂಡು ಬಂದ್ರು. ಕರೆಂಟಿನ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ನೀರಿನ ಚಕ್ರ ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನಿಂದ ಹಡಗಿನಲ್ಲಿ ಬಂದವು. ಜಲಪಾತದ ತನಕ ರೈಲಿಲ್ಲ. ಆನೆ, ಎತ್ತಿನ ಗಾಡಿ ಕಟ್ಟಿ ಸಾಗಿಸಿದ್ರು.

ನೀರಿನಿಂದ ಕರೆಂಟು ಹೇಗೆ ಅಂತ ಗಾಡೀಲಿ ಒಬ್ಬರು ಕೇಳಿದ್ರು. ನಮ್ಮನೆ ಮಾಳಿಗೆ ಮೇಲಿನ ಟ್ಯಾಂಕ್ ನೆನೆಸ್ಕೊಳ್ಳಿ. ಮೇಲಿನ ಮನೆ ನಲ್ಲೀಲಿ ನೀರು ಸಣ್ಣಗೆ ಬರುತ್ತೆ, ಕೆಳಗಿನ ಮನೆ ನಲ್ಲಿ ತಿರುಗಿಸಿದ್ರೆ ಪಾತ್ರೆ ಕೈಯಿಂದ ಜಾರೋ ಅಷ್ಟು ರಭಸ. ಇಲ್ಲೂ ಅಷ್ಟೇ. ಜಲಪಾತಕ್ಕಿಂತ ಮೇಲೆಯೇ ಹೊಳೆಗೆ ಕಟ್ಟೆ ಹಾಕಿ, ಕಾಲುವೇಲಿ ನೀರು ತಂದು, ದಪ್ಪ ಕಬ್ಬಿಣದ ಕೊಳವೇಲಿ ಬೆಟ್ಟದ ಬುಡಕ್ಕೆ ಬಿಡ್ತಾರೆ. ಆ ರಭಸಕ್ಕೆ ಚಕ್ರ ತಿರುಗುತ್ತೆ, ಚಕ್ರ ತಿರುಗಿದ್ರೆ ಕರೆಂಟು. ನೀರೇನೂ ಖರ್ಚಾಗಲ್ಲ, ಕೆಳಗೆ ಮತ್ತೆ ಹೊಳೆ ಸೇರುತ್ತೆ. ಆದ್ರೆ ಕೊಳವೆ ಹೊಕ್ಕ ನೀರು ಜಲಪಾತದಲ್ಲಿ ಬೀಳಲ್ಲ.

1902ರ ಜೂನ್ 30ರಂದು ಕರೆಂಟು ಕೋಲಾರಕ್ಕೆ ಹರೀತು. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, ಹಿಂದಿನ ವರ್ಷ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ರು. ಮಹಾರಾಣಿಯವರು ಮಗನಿಗೆ ಅಧಿಕಾರ ಒಪ್ಪಿಸೋಕೆ ಇನ್ನೂ ಒಂದು ತಿಂಗಳ ಮೇಲಿತ್ತು. ಈ ದೇಶದ ಇಷ್ಟು ದೊಡ್ಡ ಮೊದಲ ಜಲವಿದ್ಯುತ್ ಕೆಲಸ ಶುರುವಾಗಿದ್ದೂ ಮುಗಿದಿದ್ದೂ ಮಕ್ಕಳನ್ನ ಸಾಕ್ತಾ ರಾಜ್ಯ ನೋಡಿಕೊಂಡ ಒಬ್ಬ ವಿಧವೆಯ ಕಾಲದಲ್ಲಿ. ದಿವಾನರ ಹೆಸರು ಹೇಳ್ತೀವಿ, ಇಂಜಿನಿಯರ ಹೆಸರು ಹೇಳ್ತೀವಿ. ಆ ತಾಯಿ ಹೆಸರನ್ನೂ ಸೇರಿಸಿ ಹೇಳೋಣ ಅಂತ ನನಗೆ ಆಸೆ.

ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟಿನಲ್ಲಿ. ಮೊದಲು ಗಣಿ, ಆಮೇಲೆ ಪೇಟೆ ಬೀದಿ, ಆಮೇಲೆ ಉಳ್ಳವರ ಮನೆ. ಅಡುಗೆಮನೆ ಸರದಿ ಕೊನೇದು. ಹಳ್ಳಿ ಕಡೆಯ ಹೆಂಗಸರು ಅದಾದ ಮೇಲೂ ಎಷ್ಟೋ ವರ್ಷ ಸಂಜೆ ಆದ್ರೆ ಲಾಟೀನು ಗಾಜು ಬೂದಿ ಹಾಕಿ ಉಜ್ಜಿದ್ರು, ಬುಡ್ಡಿ ದೀಪದಲ್ಲಿ ರಾಗಿ ಬೀಸಿದ್ರು. ಬೇಸಿಗೇಲಿ ಹೊಳೆ ಇಳಿದ್ರೆ ಕರೆಂಟು ಸಾಲದೇ ಬರ್ತಿತ್ತು. ವರ್ಷವಿಡೀ ಒಂದೇ ಸಮ ನೀರು ಸಿಗಲಿ ಅನ್ನೋದೂ 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗೋಕೆ ಒಂದು ಕಾರಣ.

ಇನ್ನು ನೀರಿನ ಕಥೆ. ಇದು ಶುರುವಾಗೋದು ನಮ್ಮ ಪಕ್ಕದಲ್ಲೇ. ಅದೇ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ನಲ್ಲಿ ನೀರು ಹೋಯ್ತು. ಸೋಲದೇವನಹಳ್ಳೀಲಿ ಉಗಿ ಪಂಪು ಇಟ್ಟು ಮಲ್ಲೇಶ್ವರದ ಕಡೆಗೆ ಏರಿಸ್ತಿದ್ರು. ಆಗ ಊರಿಗೆ ನೀರು ಕೊಟ್ಟಿದ್ದು ನಮ್ಮ ಕಡೆಯ ಅರ್ಕಾವತಿ. ಊರು ಬೆಳೀತು, ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟ ಸಾಲಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದ್ರು, ಅದೂ ಅರ್ಕಾವತೀದೇ. ಅದೂ ಸಾಲದೇ 1974ರಲ್ಲಿ ಕಾವೇರಿ ಮೊದಲನೇ ಹಂತ ಬಂತು.

ಆ ನೀರು ತೆಗೆಯೋದು ಶಿವನಸಮುದ್ರದ ಹತ್ರ, ಜಲಪಾತಕ್ಕಿಂತ ಮೇಲೆ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳೀಲಿ ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ, ಹೀಗೆ ಮೂರು ಕಡೆ ಪಂಪು ಮಾಡಿ ಊರಿಗೆ ಏರಿಸ್ತಾರೆ. ನೂರು ಕಿಲೋಮೀಟರ್ ಆಸುಪಾಸು ದೂರ, ಸುಮಾರು 500 ಮೀಟರ್ ಎತ್ತರ. ಗಗನಚುಕ್ಕಿಯ ಮೇಲೆ ಗಗನಚುಕ್ಕಿ ಇಟ್ಟು ಐದು ಸಲ ಏರಿದ ಹಾಗೆ. ನಮ್ಮ ಮುತ್ತಜ್ಜಿ ಕಾಲದಲ್ಲಿ ನೀರು ಕೆಳಗೆ ಬಿದ್ದು ಊರಿಗೆ ಕರೆಂಟು ಕೊಡ್ತಿತ್ತು. ಈಗ ಅದೇ ನೀರನ್ನ ಊರಿಗೆ ಹತ್ತಿಸೋಕೆ ಹಗಲೂ ರಾತ್ರಿ ಕರೆಂಟು ಸುಡಬೇಕು.

ಮೊದಲು ಕೊಟ್ಟ ನಮ್ಮ ಉತ್ತರದ ಕಡೆ ಈಗ ಕೊಳವೆಯ ಕೊನೇ ತುದಿ. 2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಬೋರ್‌ವೆಲ್‌ ಬತ್ತಿ, ಟ್ಯಾಂಕರ್ ಸದ್ದಾದ್ರೆ ಒಲೆ ಆರಿಸಿ ಓಡಿದ್ದು. ಆ ವರ್ಷ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆ ಆಯ್ತು. ದಿನಕ್ಕೆ 77.5 ಕೋಟಿ ಲೀಟರ್, ಊರಿಗೆ ಸೇರಿಕೊಂಡ 110 ಹಳ್ಳಿಗಳಿಗೆ ಅಂತ. ಯಲಹಂಕ, ಬ್ಯಾಟರಾಯನಪುರದ ಕಡೆಯ ಹಳ್ಳಿಗಳೂ ಅದರಲ್ಲಿವೆ.

ಇದನ್ನೆಲ್ಲ ಹೇಳಿ ಮುಗಿಸೋ ಹೊತ್ತಿಗೆ ಎದುರು ಮನೆ ಅಕ್ಕ, ‘ಹಾಗಾದ್ರೆ ನಾವು ನೋಡಿ ಬಂದಿದ್ದು ನಮಗೆಲ್ಲ ಕೊಟ್ಟು ಮಿಕ್ಕಿದ್ದು ಅನ್ನು’ ಅಂದ್ರು. ಹೌದು ಕಣ್ರಕ್ಕ. ಗದ್ದೆಗೆ, ಕರೆಂಟಿಗೆ, ಊರಿಗೆ ಕೊಟ್ಟು ಮಿಕ್ಕಿದ್ದು.

ನೀವೂ ಹೋಗೋದಾದ್ರೆ ಜುಲೈಯಿಂದ ಅಕ್ಟೋಬರ್ ಒಳಗೆ, ಕಟ್ಟೆ ತುಂಬಿದ ಸುದ್ದಿ ನೋಡಿಕೊಂಡು ಹೋಗಿ. ಭರಚುಕ್ಕೀಲಿ ಕೆಳಗಿನ ತನಕ ಮೆಟ್ಟಿಲಿದೆ, ಮಂಡಿ ನೋವಿರೋರು ಮೇಲಿಂದಲೇ ನೋಡಿ. ನೀರಿಗೆ ಮಾತ್ರ ಇಳೀಬೇಡಿ, ಬಂಡೆ ಪಾಚಿ ಕಟ್ಟಿರುತ್ತೆ. ಬೇಸಿಗೇಲಿ ಹೋದ್ರೆ ಬರೀ ಬಂಡೆ, ಸಂದೀಲಿ ಒಂದೆರಡು ಎಳೆ ನೀರು ಅಷ್ಟೇ. ಆಗ ಬೇಜಾರು ಮಾಡ್ಕೋಬೇಡಿ. ಹೊಳೆಯ ನೀರಿನಲ್ಲಿ ಒಂದು ಪಾಲು ನಿಮ್ಮನೆ ಸಂಪಿನಲ್ಲೇ ಇರುತ್ತೆ. ನಲ್ಲಿ ತೊಟ್ಟಿಕ್ತಿದ್ರೆ ಹೋಗೋ ಮುಂಚೆ ವಾಷರ್ ಹಾಕಿಸಿ ಹೋಗಿ.